ನಮ್ಮ ಹಣದ ಲೆಕ್ಕ ನೋಡೋಕೆ ನಮ್ಮ ಹುಡುಗರಿಗೆ ಫೆಲೋಶಿಪ್ ಕೊಡ್ರಿ



ಸ್ವಲ್ಪ ಉದ್ದ ಅದ, ಪೂರ್ತಿ ಓದ್ರಿ. ವಿಷಯ ಒಣ ಅನ್ನಿಸಬಹುದು: ಇಂಟರ್ನಲ್ ಆಡಿಟ್, ಅಂದ್ರ ಆಂತರಿಕ ಲೆಕ್ಕಪರಿಶೋಧನೆ. ಇದರ ಮೇಲೆ ಪಿಎಚ್‌ಡಿ ಮಾಡೋ ನಮ್ಮ ಮಕ್ಕಳಿಗೆ ಎಸ್‌ಸಿಎಸ್‌ಪಿ-ಟಿಎಸ್‌ಪಿ ಹಣದಿಂದ ಫೆಲೋಶಿಪ್ ಕೊಡಬೇಕು ಅಂತ ನನ್ನ ಒತ್ತಾಯ. ಒಂದು ಸಭೆಯಲ್ಲಿ ಈ ಮಾತು ಎತ್ತಿದಾಗ ನಮ್ಮವರೇ ನಕ್ಕರು. "ಅಣ್ಣ, ಆಡಿಟ್‌ನಾಗ ಏನ್ ಪಿಎಚ್‌ಡಿ? ಬೇಕಂದ್ರ ಸಿಎ ಮಾಡ್ಲಿ ಬಿಡ್ರಿ" ಅಂದರು. ಅವರಿಗೆ ಉತ್ತರವಾಗಿ ಇದನ್ನು ಬರೀತಿದ್ದೀನಿ.

2013ರಲ್ಲಿ ನಮ್ಮ ರಾಜ್ಯದಲ್ಲಿ ಎಸ್‌ಸಿಎಸ್‌ಪಿ-ಟಿಎಸ್‌ಪಿ ಕಾಯ್ದೆ ಬಂತು. ಜನಸಂಖ್ಯೆಗೆ ತಕ್ಕಂತೆ ಶೇ. 24.10ರಷ್ಟು ಹಣ ನಮಗೆ ಮೀಸಲು. ಅಂದಿನಿಂದ ನಾವು ಪ್ರತಿ ಬಜೆಟ್ ದಿನ "ಎಷ್ಟು ಇಟ್ಟರು?" ಅಂತ ಕೇಳ್ತೀವಿ. 2024-25ರಲ್ಲಿ 39 ಸಾವಿರ ಕೋಟಿ ಅಂದರು. ಅದರಲ್ಲಿ 14 ಸಾವಿರ ಕೋಟಿಗೂ ಹೆಚ್ಚು ಗ್ಯಾರಂಟಿ ಯೋಜನೆಗಳಿಗೆ ಹೋಯ್ತು ಅಂತ ಬೀದಿಗಿಳಿದೆವು. ಇಳೀಬೇಕಾದ್ದೇ. ಆದರೆ ಉಳಿದ ಹಣ ಯಾವ ಖಾತೆಯಿಂದ ಯಾವ ಖಾತೆಗೆ ಹೋಯ್ತು, ನಡುವೆ ಯಾರು ಸಹಿ ಹಾಕಿದರು ಅಂತ ಓದಬಲ್ಲವರು ನಮ್ಮ ಸಂಘಟನೆಗಳಲ್ಲಿ ಎಷ್ಟು ಮಂದಿ ಇದ್ದಾರ್ರೀ?

ವಾಲ್ಮೀಕಿ ನಿಗಮದ ಕಥೆ ನೆನಪಿಸಿಕೊಳ್ರಿ. 2024ರ ಮೇ ತಿಂಗಳು. ನಿಗಮದ ಲೆಕ್ಕಪತ್ರ ನೋಡ್ತಿದ್ದ ಅಧೀಕ್ಷಕರೊಬ್ಬರು ಶಿವಮೊಗ್ಗದಲ್ಲಿ ಪತ್ರ ಬರೆದಿಟ್ಟು ಆತ್ಮಹತ್ಯೆ ಮಾಡಿಕೊಂಡರು. ಆಮೇಲೆ ಊರಿಗೆಲ್ಲಾ ಗೊತ್ತಾಯ್ತು. ವಿರೋಧ ಪಕ್ಷದವರು 187 ಕೋಟಿ ಅಂದರು, ಮುಖ್ಯಮಂತ್ರಿಗಳು ಸದನದಲ್ಲಿ 89.63 ಕೋಟಿ ಮಾತ್ರ ಅಂದರು. "ಮಾತ್ರ"! ಸಚಿವರು ರಾಜೀನಾಮೆ ಕೊಟ್ಟರು. ಆಗ ನಿಗಮದ ಅಧ್ಯಕ್ಷರಾಗಿದ್ದವರು ನಮ್ಮ ರಾಯಚೂರು ಗ್ರಾಮೀಣ ಶಾಸಕರು. ಯಾರು ತಪ್ಪಿತಸ್ಥರು ಅನ್ನೋದು ಕೋರ್ಟ್ ಹೇಳಬೇಕು, ನಾನು ಹೇಳಲ್ಲ. ನನ್ನ ಪ್ರಶ್ನೆ ಗುಮಾಸ್ತನ ಪ್ರಶ್ನೆ. ಕೋಟಿಗಟ್ಟಲೆ ಹಣ ಹೈದರಾಬಾದಿನ ಖಾತೆಗಳಿಗೆ ಹೋಗೋವರೆಗೂ ಕ್ಯಾಶ್‌ಬುಕ್ಕನ್ನೂ ಬ್ಯಾಂಕ್ ಸ್ಟೇಟ್‌ಮೆಂಟನ್ನೂ ಪಕ್ಕದಲ್ಲಿಟ್ಟು ತಾಳೆ ನೋಡೋರು ಯಾರೂ ಇರಲಿಲ್ಲವಾ? ಬಡವರ ಹಣ ಹೋಗಿದ್ದು ಗೊತ್ತಾಗೋಕೆ ಒಬ್ಬ ನೌಕರ ಸಾಯಬೇಕಾಯ್ತಾ?

ನಾನು ಇಪ್ಪತ್ತು ವರ್ಷದಿಂದ ಕಡತ ಕಟ್ಟೋನು. ಆಡಿಟ್ ಪಾರ್ಟಿ ಬರೋದು ಹೆಂಗ ಅಂತ ಗೊತ್ತು. ಖರ್ಚಾಗಿ ಎರಡು ಮೂರು ವರ್ಷದ ಮ್ಯಾಲ ಬರ್ತಾರ. ಅಷ್ಟೊತ್ತಿಗೆ ಸಹಿ ಹಾಕಿದ ಸಾಹೇಬರು ವರ್ಗ ಆಗಿ ಹೋಗಿರ್ತಾರ. ಓಚರ್ ಇಲ್ಲ ಅಂತ ಆಕ್ಷೇಪಣೆ ಬರೀತಾರ. "ಮುಂದಿನ ಆಡಿಟ್ ಸಮಯದಲ್ಲಿ ಹಾಜರುಪಡಿಸಲಾಗುವುದು" ಅಂತ ನಾವು ಉತ್ತರ ಬರೀತೀವಿ. ಮುಂದಿನ ಆಡಿಟ್‌ಗೆ ಬರೋರು ಬೇರೆ, ಉತ್ತರ ಬರಿಯೋರೂ ಬೇರೆ. ಇದು ಹೆಣ ಕೊಯ್ಯೋ ಕೆಲಸ. ಇಂಟರ್ನಲ್ ಆಡಿಟ್ ಅಂದ್ರ ಜೀವ ಇದ್ದಾಗಲೇ ನಾಡಿ ಹಿಡಿದು ನೋಡೋದು. 200 ಕೋಟಿ ವಹಿವಾಟು ಮಾಡೋ ಖಾಸಗಿ ಕಂಪನಿ ಇಂಟರ್ನಲ್ ಆಡಿಟರ್ ಇಟ್ಟುಕೊಳ್ಳಲೇಬೇಕು ಅಂತ ಕಂಪನಿ ಕಾಯ್ದೆಯ 138ನೇ ಸೆಕ್ಷನ್ ಹೇಳ್ತದ. ಅದೂ 2013ರ ಕಾಯ್ದೆನೇ. ಸಾಹುಕಾರ್ರ ರೊಕ್ಕಕ್ಕ ಇಷ್ಟು ಕಾವಲು ಅದ. ನಮ್ಮ ರೊಕ್ಕಕ್ಕ?

ಸಿಎ ಮಾಡಿದವನು ಒಂದು ಆಫೀಸಿನ ಲೆಕ್ಕ ನೋಡ್ತಾನ, ಸಹಿ ಹಾಕ್ತಾನ, ಹೋಗ್ತಾನ. ಒಂದೇ ಥರದ ತಪ್ಪು ಹತ್ತು ಇಲಾಖೆಯಲ್ಲಿ ಹತ್ತು ವರ್ಷ ಯಾಕೆ ನಡೀತದ ಅನ್ನೋದಕ್ಕೆ ಸಂಶೋಧನೆ ಬೇಕು. ಗಂಗಾ ಕಲ್ಯಾಣವನ್ನೇ ತಗೊಳ್ರಿ. ಬೋರ್ ಬಿತ್ತು, ಮೋಟಾರ್ ಬರಲಿಲ್ಲ. ಮೋಟಾರ್ ಬಂತು, ಕರೆಂಟ್ ಬರಲಿಲ್ಲ ಅನ್ನೋ ರೈತರು ಮಾನ್ವಿ ಕಡೆ ಇವತ್ತಿಗೂ ಸಿಗ್ತಾರ. ಕಡತದಲ್ಲಿ ಮಾತ್ರ ಕಾಮಗಾರಿ ಮುಗಿದಿರ್ತದ. ದೇವದುರ್ಗದ ನರೇಗಾ ಅವ್ಯವಹಾರ ಪೇಪರಿನಲ್ಲಿ ಓದಿ ಬೈದು ಸುಮ್ಮನಾದೆವು. ಆ ಬಿಲ್ಲುಗಳು ಯಾವ್ಯಾವ ಮೇಜು ದಾಟಿದವು ಅಂತ ಯಾರಾದರೂ ಥೀಸಿಸ್ ಬರೆದಿದ್ದರೆ ಅದು ಹೋರಾಟಕ್ಕೆ ಆಯುಧ ಆಗ್ತಿತ್ತು. ಅಮೆರಿಕದಲ್ಲಿ ಇಂಟರ್ನಲ್ ಆಡಿಟರ್‌ಗಳ ಸಂಸ್ಥೆ 1941ರಲ್ಲೇ ಹುಟ್ಟಿತು. ಅದರ ಪ್ರತಿಷ್ಠಾನ ಈ ವಿಷಯದ ಪಿಎಚ್‌ಡಿ ವಿದ್ಯಾರ್ಥಿಗಳಿಗೆ ಅನುದಾನ ಕೊಡ್ತದ. ಅಲ್ಲಿ ಯಾರೂ ನಗಲ್ಲ.

ಬಾಬಾಸಾಹೇಬರು ಬರೋಡಾ ಮಹಾರಾಜರ ವಿದ್ಯಾರ್ಥಿವೇತನದಿಂದ 1913ರಲ್ಲಿ ಕೊಲಂಬಿಯಾಕ್ಕೆ ಹೋದರಲ್ಲ, ಪಿಎಚ್‌ಡಿ ಮಾಡಿದ್ದು ಯಾವುದರ ಮೇಲೆ? ಬ್ರಿಟಿಷ್ ಭಾರತದ ಪ್ರಾಂತ್ಯಗಳ ಹಣಕಾಸಿನ ಮೇಲೆ. ಸರ್ಕಾರದ ಜಮಾ-ಖರ್ಚಿನ ಮೇಲೆ! 1949ರ ಮೇ 30ರಂದು ಸಂವಿಧಾನ ಸಭೆಯಲ್ಲಿ ಅವರು, ಈ ಸಂವಿಧಾನದಲ್ಲಿ ಬಹುಶಃ ಎಲ್ಲರಿಗಿಂತ ಮಹತ್ವದ ಅಧಿಕಾರಿ ಅಂದ್ರ ಆಡಿಟರ್ ಜನರಲ್ ಎಂದರು. ನಾವು ಅವರ ಫೋಟೋಕ್ಕೆ ಹಾರ ಹಾಕ್ತೀವಿ, ಅವರ ಸಬ್ಜೆಕ್ಟ್ ಮಾತ್ರ ಬ್ಯಾಡ ಅಂತೀವಿ.

ಈಗ ಇರೋ ದಾರಿ ನೋಡ್ರಿ. ಕೇಂದ್ರದ ಎಸ್‌ಸಿ ಫೆಲೋಶಿಪ್ ಇಡೀ ದೇಶಕ್ಕೆ ವರ್ಷಕ್ಕೆ 2,000, ಅದಕ್ಕೂ ನೆಟ್ ಪರೀಕ್ಷೆ ಬರೀಬೇಕು. 2025ರಲ್ಲಿ ವಿದೇಶಿ ವಿದ್ಯಾರ್ಥಿವೇತನಕ್ಕೆ 106 ಮಕ್ಕಳನ್ನು ಆರಿಸಿ, ಹಣ ಇಲ್ಲ ಅಂತ ಮೊದಲು 40 ಮಂದಿಗಷ್ಟೇ ಪತ್ರ ಕೊಟ್ಟರು. ಹಂಪಿ ಕನ್ನಡ ವಿಶ್ವವಿದ್ಯಾಲಯದ ನಮ್ಮ ಸಂಶೋಧನಾರ್ಥಿಗಳು ಬಾಕಿ ಫೆಲೋಶಿಪ್‌ಗಾಗಿ ಧರಣಿ ಕೂತರು. ರೋಹಿತ್ ವೇಮುಲನ ಕೊನೆಯ ಪತ್ರದಲ್ಲೂ ಏಳು ತಿಂಗಳ ಫೆಲೋಶಿಪ್ ಬಾಕಿಯ ಲೆಕ್ಕ ಇತ್ತು. ಕೂಲಿ ಮಾಡೋ ತಾಯಿ-ತಂದೆಯ ಮಗಳು ತಿಂಗಳ ಹಣ ಇಲ್ಲದೆ ರಾಯಚೂರಲ್ಲಿ ರೂಮು ಮಾಡಿ ನಾಲ್ಕು ವರ್ಷ ಹೆಂಗ ಓದ್ತಾಳ?

ಯರಗೇರಾದಲ್ಲಿ ನಮ್ಮದೇ ವಿಶ್ವವಿದ್ಯಾಲಯ ಅದ. ಅದಕ್ಕೂ ಮಹರ್ಷಿ ವಾಲ್ಮೀಕಿ ಹೆಸರು, ಹಣ ಹೋದ ನಿಗಮಕ್ಕೂ ಅದೇ ಹೆಸರು. ಅಲ್ಲಿ ನೆಟ್ ಷರತ್ತಿಲ್ಲದೆ, ಜೆಆರ್‌ಎಫ್‌ಗೆ ಸಮನಾಗಿ ತಿಂಗಳಿಗೆ 37 ಸಾವಿರದಂತೆ, ಪ್ರತಿ ವರ್ಷ ಹತ್ತು ಮಂದಿ ಪರಿಶಿಷ್ಟ ಸಂಶೋಧನಾರ್ಥಿಗಳಿಗೆ ಕೊಡ್ರಿ. ಹತ್ತು ಮಂದಿಯ ಒಂದು ತಂಡಕ್ಕೆ ವರ್ಷಕ್ಕೆ ಅರ್ಧ ಕೋಟಿನೂ ಆಗಲ್ಲ. ಜೊತೆಗೆ ನಿಗಮ, ಹಾಸ್ಟೆಲ್, ಪಂಚಾಯ್ತಿ ಕಡತ ನೋಡೋಕೆ ಸರ್ಕಾರಿ ಆದೇಶ ಕೊಡ್ರಿ, ಒಂದೊಂದು ಹಾಳೆಗೂ ಆರ್‌ಟಿಐ ಹಾಕಿಸಬ್ಯಾಡ್ರಿ. ಕಡತ ಸಿಗದಿದ್ದರೆ ಫೆಲೋಶಿಪ್ ಇದ್ದೂ ಉಪಯೋಗ ಇಲ್ಲ.

ಜಿಲ್ಲೆಯ ಏಳು ಕ್ಷೇತ್ರಗಳಲ್ಲಿ ಐದು ಮೀಸಲು. ದೇವದುರ್ಗ, ಮಾನ್ವಿ ಎರಡೂ ಅದರಲ್ಲಿವೆ. ಈ ಐದೂ ಶಾಸಕರಿಗೆ ಮನವಿ ಕೊಡೋದು ಮೊದಲ ಕೆಲಸ. ಕರಡು ಬರೆದಿಟ್ಟೀನಿ. ಎಂ.ಕಾಂ. ಮುಗಿಸಿ ಮನೇಲಿ ಕೂತ, ಇಲ್ಲಾ ಅಂಗಡಿ ಲೆಕ್ಕ ಬರೀತಿರೋ ನಮ್ಮ ಹುಡುಗ ಹುಡುಗಿಯರು ಇನ್‌ಬಾಕ್ಸ್‌ಗೆ ಹೆಸರು, ತಾಲೂಕು ಕಳಿಸ್ರಿ. ಪಟ್ಟಿ ಹಚ್ಚೇ ಮನವಿ ಕೊಡೋಣ.

ಜೈ ಭೀಮ್.