ನೆರೆಗೆ ಮೊದಲು ಪಂಚಾಯತ್ ಎಚ್ಚರಗೊಳ್ಳಲಿ, ಎಚ್ಚರಿಕೆ ಕನ್ನಡದಲ್ಲೂ ಬರಲಿ

ಕಾಸರಗೋಡಿನ ಕನ್ನಡ ಪ್ರದೇಶಕ್ಕೆ ನೆರೆ ಹೊಸತೇನಲ್ಲ. ಮಳೆ ಜೋರಾದರೆ ಮಧುವಾಹಿನಿ ಉಕ್ಕಿ ಮಧೂರು ದೇವಸ್ಥಾನದ ಅಂಗಳಕ್ಕೆ ನೀರು ನುಗ್ಗುತ್ತದೆ. ಉಪ್ಪಳ, ಶಿರಿಯ ಹೊಳೆಬದಿಯ ಬೈಲುಗಳು ಮುಳುಗುತ್ತವೆ, ತೋಟದಲ್ಲಿ ಸೊಂಟದವರೆಗೆ ನೀರು ನಿಲ್ಲುತ್ತದೆ. ನೀರು ಏರಿದಾಗ ಮೆಂಬರಿಗೆ ಫೋನು, ನೀರು ಇಳಿದ ಮೇಲೆ ವಿಲೇಜ್ ಆಫೀಸಿಗೆ ನಷ್ಟದ ಅರ್ಜಿ. ಅಲ್ಲಿಗೆ ಆ ವರ್ಷದ ಕತೆ ಮುಗಿಯಿತು. ನೀರು ಬರುವ ಮೊದಲು ಏನು ಮಾಡಬೇಕಿತ್ತು ಎಂಬ ಪ್ರಶ್ನೆಯನ್ನು ಕೇಳುವವರೂ ಇಲ್ಲ, ಹೇಳುವವರೂ ಇಲ್ಲ!

ಈ ಪ್ರಶ್ನೆಗೆ ಉತ್ತರ ಕೊಡಬೇಕಾದ್ದು ತಿರುವನಂತಪುರ ಅಲ್ಲ, ಪಂಚಾಯತ್. ಅದಕ್ಕೆ ಕಾರಣ ಇಲ್ಲಿನ ಹೊಳೆಗಳೇ. ಮಂಜೇಶ್ವರ ಹೊಳೆಯ ಉದ್ದ ಬರೇ 16 ಕಿ.ಮೀ., ಮೊಗ್ರಾಲ್ 34, ಉಪ್ಪಳ 50, ಶಿರಿಯ 67. ಎಲ್ಲಕ್ಕಿಂತ ಉದ್ದದ ಚಂದ್ರಗಿರಿಯೂ 105 ಕಿ.ಮೀ. ಅಷ್ಟೆ. ಘಟ್ಟದ ಬುಡದಲ್ಲಿ ಸುರಿದ ಮಳೆ ಕಡಲು ಸೇರಲು ದಿನಗಟ್ಟಲೆ ಬೇಡ, ಕೆಲವು ಗಂಟೆ ಸಾಕು. ವರ್ಷಕ್ಕೆ ಸುಮಾರು 3,500 ಮಿ.ಮೀ. ಮಳೆ ಬೀಳುವ ಜಿಲ್ಲೆ ಇದು. ಅದರ ಹೆಚ್ಚಿನ ಪಾಲು ಬೀಳುವುದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ರಾಜಧಾನಿ ಇಲ್ಲಿಂದ 500 ಕಿ.ಮೀ.ಗೂ ದೂರ. ನಡುರಾತ್ರಿ ಹೊಳೆ ಉಕ್ಕಿದರೆ ಮೊದಲು ಬಾಗಿಲು ಬಡಿಯುವವರು ನೆರೆಕರೆಯವರು, ಮೆಂಬರು, ಕುಟುಂಬಶ್ರೀಯ ಹೆಂಗಸರು. ಅವರ ಕೈಗೆ ಮೊದಲೇ ಏನು ಕೊಟ್ಟಿದ್ದೀರಿ ಎಂಬುದರ ಮೇಲೆ ಜೀವ ಉಳಿಯುವುದು ನಿಂತಿದೆ.

ಕಪಾಟಿನಲ್ಲಿರುವ ಯೋಜನೆ

ಕೇರಳದಲ್ಲಿ ಇದಕ್ಕೆ ಕಾನೂನೂ ಇದೆ, ದಾರಿಯೂ ಇದೆ. 2005ರ ವಿಪತ್ತು ನಿರ್ವಹಣಾ ಕಾಯ್ದೆ ಸ್ಥಳೀಯಾಡಳಿತಕ್ಕೆ ಸ್ಪಷ್ಟ ಹೊಣೆ ಹೊರಿಸಿದೆ: ಸಿಬ್ಬಂದಿಗೆ ತರಬೇತಿ ಕೊಡಬೇಕು, ಸಲಕರಣೆಗಳನ್ನು ಸಿದ್ಧವಾಗಿಡಬೇಕು, ತನ್ನ ವ್ಯಾಪ್ತಿಯ ಕಟ್ಟಡಗಳು ನಿಯಮದಂತೆ ಇವೆಯೇ ಎಂದು ನೋಡಬೇಕು. 2018ರ ಆಗಸ್ಟ್ ಪ್ರವಾಹದಲ್ಲಿ 400ಕ್ಕೂ ಹೆಚ್ಚು ಜನ ಸತ್ತರು. ಮರುವರ್ಷ ಕವಳಪ್ಪಾರ, ಪುತ್ತುಮಲ ಜರಿದವು. ಆ ಬಳಿಕ ಪ್ರತಿಯೊಂದು ಸ್ಥಳೀಯಾಡಳಿತವೂ ತನ್ನದೇ ವಿಪತ್ತು ನಿರ್ವಹಣಾ ಯೋಜನೆ ತಯಾರಿಸಬೇಕೆಂದು ಸರಕಾರ ಮುಂದೆ ಬಂತು. ತ್ರಿಶೂರಿನ ಕಿಲ ಸಂಸ್ಥೆ ತರಬೇತಿ ಕೊಟ್ಟಿತು. ದೇಶದ ಬೇರೆ ಕಡೆ ಜಿಲ್ಲಾ ಮಟ್ಟಕ್ಕೆ ನಿಲ್ಲುವ ಕೆಲಸ ಇಲ್ಲಿ ಗ್ರಾಮ ಪಂಚಾಯತಿಗೆ ಇಳಿಯಿತು. ಇದು ಮೆಚ್ಚತಕ್ಕ ವಿಷಯ.

ಆದರೆ ಕಡತ ತಯಾರಾದರೆ ಕೆಲಸ ಮುಗಿಯಲಿಲ್ಲ. 1996ರಲ್ಲಿ ಜನಕೀಯ ಯೋಜನೆ ಆರಂಭವಾದಾಗ ಅದರ ಜೀವಾಳ ಗ್ರಾಮಸಭೆಯಾಗಿತ್ತು. ನೆರೆಯ ಯೋಜನೆ ಮಾತ್ರ ಗ್ರಾಮಸಭೆಯಲ್ಲಿ ಚರ್ಚೆಯಾಗುವುದು ಅಪರೂಪ. ಅಲ್ಲಿ ರಸ್ತೆ ಡಾಮರು, ಬೀದಿದೀಪ, ಮನೆ ಮಂಜೂರಾತಿ ಇವೇ ಮುಖ್ಯ. ಯಾವ ಬೈಲಿನ ಎಷ್ಟು ಮನೆಗೆ ನೀರು ನುಗ್ಗುತ್ತದೆ, ಯಾವ ಶಾಲೆ ಶಿಬಿರಕ್ಕೆ ಯೋಗ್ಯ, ಆ ಶಾಲೆಗೆ ಹೋಗುವ ದಾರಿಯೇ ಮುಳುಗುತ್ತದೋ ಎಂಬುದನ್ನು ಊರಿನ ಹಿರಿಯರು ಕಣ್ಣುಮುಚ್ಚಿ ಹೇಳಬಲ್ಲರು. ಅವರನ್ನು ಕೇಳದೆ ಮೇಜಿನ ಮುಂದೆ ಕುಳಿತು ಬರೆದ ಯೋಜನೆ ಮಳೆಗಾಲದಲ್ಲಿ ಉಪಯೋಗಕ್ಕೆ ಬಾರದು.

“ನಮ್ಮ ಕಡೆ ಅಂಥದ್ದೆಲ್ಲ ಆಗುವುದಿಲ್ಲ ಮಾರಾಯ್ರೆ” ಎಂಬ ಮಾತು ಇಲ್ಲಿ ಆಗಾಗ ಕೇಳಿಸುತ್ತದೆ. 2018ರಲ್ಲಿ ಉಳಿದ ಜಿಲ್ಲೆಗಳಷ್ಟು ಪೆಟ್ಟು ಕಾಸರಗೋಡಿಗೆ ಬೀಳಲಿಲ್ಲ, ನಿಜ. ಆದರೆ ಅದೇ ತಿಂಗಳು ಗುಡ್ಡ ಜರಿದ ಕೊಡಗಿನ ಜೋಡುಪಾಲ ಪಯಸ್ವಿನಿಯ ಮೇಲ್ಭಾಗದಲ್ಲೇ ಇದೆ. ಸಂಪಾಜೆ, ಸುಳ್ಯ ದಾಟಿ ದೇಲಂಪಾಡಿಗೆ ಬರುವ ನೀರು ಅಲ್ಲಿಯದೇ. 2024ರ ಜುಲೈ 30ರ ನಸುಕಿನಲ್ಲಿ ವಯನಾಡಿನ ಮುಂಡಕ್ಕೈ, ಚೂರಲ್‌ಮಲ ಕೊಚ್ಚಿಹೋದವು. 2025ರ ಜುಲೈಯಲ್ಲಿ ಇದೇ ಜಿಲ್ಲೆಯ ಚೆರುವತ್ತೂರಿನಲ್ಲಿ ವೀರಮಲ ಗುಡ್ಡೆ ರಾಷ್ಟ್ರೀಯ ಹೆದ್ದಾರಿಗೆ ಕುಸಿಯಿತು. ಇಷ್ಟಾದ ಮೇಲೂ ಎಚ್ಚರ ಆಗದಿದ್ದರೆ ಇನ್ನು ಯಾವಾಗ?

ಓದಲಾಗದ ಎಚ್ಚರಿಕೆ

ಗಡಿನಾಡಿನ ಪಂಚಾಯತುಗಳಿಗೆ ಬೇರೆಡೆ ಇಲ್ಲದ ಒಂದು ತೊಡಕು ಇದೆ. ಅದು ಭಾಷೆಯದ್ದು. ಹೊಳೆಗಳ ನೀರಿನ ಮಟ್ಟ ನೋಡಿ ನೀರಾವರಿ ಇಲಾಖೆ ಎಚ್ಚರಿಕೆ ಹೊರಡಿಸುತ್ತದೆ. ಮಾಪನ ಕೇಂದ್ರಗಳಿರುವುದು ಉಪ್ಪಳದಲ್ಲಿ, ಪುತ್ತಿಗೆಯಲ್ಲಿ, ಮಧೂರಿನಲ್ಲಿ. ಮೂರೂ ಕನ್ನಡಿಗರ ಊರುಗಳೇ. ಆದರೆ ಮೊಬೈಲಿಗೆ ಬರುವ ಸಂದೇಶ ಬಹುಪಾಲು ಮಲಯಾಳದಲ್ಲಿ. ‘ವೆಳ್ಳಪ್ಪೊಕ್ಕಂ’, ‘ಉರುಳ್‌ಪೊಟ್ಟಲ್’ ಎಂಬ ಶಬ್ದಗಳು ಪೇಟೆಯ ಯುವಕರಿಗೆ ಗೊತ್ತಿರಬಹುದು. ಎಣ್ಮಕಜೆ, ಪೈವಳಿಕೆ, ವರ್ಕಾಡಿಯ ಒಳಗಿನ ಗುಡ್ಡೆಯಲ್ಲಿ ತುಳು, ಕನ್ನಡ ಮಾತಾಡಿ ಕನ್ನಡ ಶಾಲೆಯಲ್ಲಿ ಓದಿದ ಅಜ್ಜಿಗೆ ಆ ಲಿಪಿಯೇ ಬಾರದು. ‘ನೆರೆ ಬರುತ್ತದೆ, ಮನೆ ಬಿಡಿ’ ಎಂದರೆ ತಿಳಿಯುತ್ತದೆ. ತುಳುವಿನಲ್ಲಿ ‘ಬೊಳ್ಳ’ ಎಂದರೆ ಇನ್ನೂ ಬೇಗ ತಿಳಿಯುತ್ತದೆ.

ಬಣ್ಣದ ವಿಷಯವೂ ಅಷ್ಟೆ. ಹಳದಿ ಎಂದರೆ 24 ಗಂಟೆಯಲ್ಲಿ 64.5ರಿಂದ 115.5 ಮಿ.ಮೀ., ಕಿತ್ತಳೆ ಎಂದರೆ 204.4 ಮಿ.ಮೀ.ವರೆಗೆ, ಅದಕ್ಕೂ ಮೀರಿದರೆ ಕೆಂಪು. ಜನಸಾಮಾನ್ಯರಿಗೆ ಕೆಂಪು ಎಂದರೆ ಶಾಲೆಗೆ ರಜೆ ಎಂದಷ್ಟೇ ಅರ್ಥ! ಹೊಳೆಬದಿಯವರು ಹಸುಕರುಗಳನ್ನು ಬಿಚ್ಚಬೇಕು, ಆಧಾರ್, ರೇಷನ್ ಕಾರ್ಡು, ಮದ್ದು ಕಟ್ಟಿಡಬೇಕು ಎಂದು ಅವರ ಭಾಷೆಯಲ್ಲಿ ಹೇಳಿದವರು ಕಡಿಮೆ. ಕನ್ನಡ ಪತ್ರಿಕೆಗಳಲ್ಲಿ ಪ್ರಕಟಣೆ ಬರುತ್ತದಲ್ಲ ಎಂದು ಕೇಳಬಹುದು. ಪತ್ರಿಕೆ ಮನೆಗೆ ಬರುವುದು ಮರುದಿನ ಬೆಳಗ್ಗೆ, ಹೊಳೆ ಅಷ್ಟು ಹೊತ್ತು ಕಾಯುವುದಿಲ್ಲ.

ಇದು ಭಿಕ್ಷೆಯ ಮಾತಲ್ಲ. 1969ರ ಕೇರಳ ಅಧಿಕೃತ ಭಾಷಾ ಕಾಯ್ದೆಯೇ ಕನ್ನಡ, ತಮಿಳು ಭಾಷಾ ಅಲ್ಪಸಂಖ್ಯಾತರು ತಮ್ಮ ಭಾಷೆಯಲ್ಲಿ ಸರಕಾರದೊಂದಿಗೆ ವ್ಯವಹರಿಸಲು, ಅದೇ ಭಾಷೆಯಲ್ಲಿ ಉತ್ತರ ಪಡೆಯಲು ಅವಕಾಶ ಕೊಟ್ಟಿದೆ. ಅರ್ಜಿಯ ಉತ್ತರಕ್ಕೆ ಕನ್ನಡ ಬೇಕೆಂದು ಕಾನೂನು ಒಪ್ಪಿದ ಮೇಲೆ ಪ್ರಾಣ ಉಳಿಸುವ ಎಚ್ಚರಿಕೆಗೆ ಕನ್ನಡ ಬೇಡ ಎನ್ನಲು ಯಾರಿಂದ ಸಾಧ್ಯ? ಮಲಯಾಳ ಬೇಡ ಎಂದು ಯಾರೂ ಹೇಳುತ್ತಿಲ್ಲ. ಜತೆಗೆ ಕನ್ನಡವೂ ಇರಲಿ ಎಂಬುದಷ್ಟೇ ಬೇಡಿಕೆ. ಇದಕ್ಕೆ ದೊಡ್ಡ ಖರ್ಚೂ ಇಲ್ಲ. ಪ್ರತಿ ಪಂಚಾಯತಿನಲ್ಲಿ ಕನ್ನಡ ಬಲ್ಲ ಒಬ್ಬ ಸಿಬ್ಬಂದಿ, ವಾರ್ಡಿಗೊಂದು ವಾಟ್ಸ್‌ಆ್ಯಪ್ ಗುಂಪು, ಕರೆಂಟು ಹೋದರೆ ಮಸೀದಿ, ದೇವಸ್ಥಾನ, ಇಗರ್ಜಿಯ ಮೈಕು. ಇಷ್ಟು ಸಾಕು.

ಹಲಗೆ, ಮದಕ, ಬೈಲು

ನೆರೆಯ ಅಪಾಯ ತಗ್ಗಿಸುವ ಹಲವು ಕೆಲಸ ಪಂಚಾಯತಿನ ಕೈಯಲ್ಲೇ ಇದೆ. ತೋಡುಗಳಿಗೆ ಅಡ್ಡಲಾಗಿ ಕಟ್ಟಿದ ಕಿಂಡಿ ಅಣೆಕಟ್ಟಿನ ಹಲಗೆಗಳನ್ನು ಮಳೆಗೆ ಮೊದಲೇ ತೆಗೆಯದಿದ್ದರೆ ಮರದ ಗೆಲ್ಲು, ಕಸ ಸಿಕ್ಕಿ ನೀರು ಪಕ್ಕದ ತೋಟಕ್ಕೆ ನುಗ್ಗುತ್ತದೆ. ಹಲಗೆ ತೆಗೆಯುವವರು ಯಾರು, ಯಾವ ತಾರೀಕಿಗೆ ಎಂದು ಬರೆದಿಟ್ಟರೆ ಅರ್ಧ ತಗಾದೆ ಮುಗಿಯಿತು. ಹಿಂದಿನವರಿಗೆ ಈ ಶಿಸ್ತು ಇತ್ತು. ಬೇಸಗೆಗೆ ಊರವರೇ ಸೇರಿ ಕಲ್ಲು ಮಣ್ಣಿನ ಕಟ್ಟ ಹಾಕುತ್ತಿದ್ದರು, ಮಳೆಗಾಲಕ್ಕೆ ತೋಡು ಬಿಡಿಸಿಕೊಡುತ್ತಿದ್ದರು.

ಮುರಕಲ್ಲಿನ ಗುಡ್ಡೆಯ ಮೇಲಿನ ಮದಕ, ಪಳ್ಳಗಳೂ ಹಾಗೆಯೇ. ಮಳೆನೀರನ್ನು ಅವು ಅಲ್ಲೇ ಹಿಡಿದು ನಿಧಾನಕ್ಕೆ ಇಂಗಿಸುತ್ತವೆ. ಮದಕ ತುಂಬಿಸಿ ಗುಡ್ಡೆ ಸಮತಟ್ಟು ಮಾಡಿದರೆ ಅಷ್ಟೂ ನೀರು ಒಮ್ಮೆಲೇ ಕೆಳಗಿನ ಬೈಲಿಗೆ. ಬೈಲೂ ಮಣ್ಣು ತುಂಬಿಸಿಕೊಂಡಿದ್ದರೆ ನೀರಿಗೆ ಉಳಿಯುವ ಜಾಗ ಮನೆಯೊಳಗೆ ಮಾತ್ರ. 2008ರ ಭತ್ತದ ಗದ್ದೆ ಮತ್ತು ಜೌಗು ಪ್ರದೇಶ ಸಂರಕ್ಷಣಾ ಕಾಯ್ದೆಯಡಿ ರಚನೆಯಾದ ಸ್ಥಳೀಯ ನಿರೀಕ್ಷಣಾ ಸಮಿತಿಗೆ ಪಂಚಾಯತ್ ಅಧ್ಯಕ್ಷರೇ ಮುಖ್ಯಸ್ಥರು, ಕೃಷಿ ಅಧಿಕಾರಿ ಸಂಚಾಲಕರು. ಮನೆ ಕಟ್ಟಲು ಬೇರೆ ಜಾಗ ಇಲ್ಲದ ಗದ್ದೆಯ ಮಾಲಕರಿಗೆ ಪಂಚಾಯತ್ ಪ್ರದೇಶದಲ್ಲಿ 10 ಸೆಂಟ್ಸ್‌ವರೆಗೆ ಕಾಯ್ದೆಯಲ್ಲೇ ದಾರಿ ಇದೆ. ಬಡವರಿಗೆ ಇರುವ ಆ ವಿನಾಯಿತಿಯ ಮರೆಯಲ್ಲಿ ಲಾರಿಗಟ್ಟಲೆ ಮಣ್ಣು ಬಿದ್ದರೆ ಕೇಳಬೇಕಾದವರು ಆ ಸಮಿತಿಯವರೇ. ಹೆದ್ದಾರಿ 66ರ ಅಗಲೀಕರಣದಿಂದ ತಲಪಾಡಿಯಿಂದ ದಕ್ಷಿಣಕ್ಕೆ ನೀರು ಹರಿಯುವ ಹಳೆಯ ದಾರಿಗಳು ಬದಲಾಗಿವೆ. ಎಲ್ಲೆಲ್ಲಿ ಮೋರಿ ಸಾಲದು ಎಂಬ ಪಟ್ಟಿಯನ್ನು ಮಳೆಗೆ ಮೊದಲೇ ಹೆದ್ದಾರಿ ಪ್ರಾಧಿಕಾರಕ್ಕೆ ಬರಹದಲ್ಲಿ ಕೊಡುವುದೂ ಪಂಚಾಯತಿನ ಕೆಲಸ.

ಹಾಸಿಗೆ ಹಿಡಿದವರನ್ನು ಹೊರುವವರು ಯಾರು?

ಎಲ್ಲಕ್ಕಿಂತ ತುರ್ತಿನ ವಿಷಯ ಇನ್ನೊಂದಿದೆ. ಎಣ್ಮಕಜೆ, ಬೆಳ್ಳೂರು, ಕುಂಬ್ಡಾಜೆ, ಬದಿಯಡ್ಕ, ಕಾರಡ್ಕ, ಮುಳಿಯಾರು ಎಂಡೋಸಲ್ಫಾನ್ ಪೀಡಿತ ಪಂಚಾಯತುಗಳು. ಎದ್ದು ಕೂರಲೂ ಆಗದ ಮಕ್ಕಳು, ದೊಡ್ಡವರು ಅಲ್ಲಿನ ಎಷ್ಟೋ ಮನೆಗಳಲ್ಲಿ ಇದ್ದಾರೆ. ರಾತ್ರಿ ಎರಡು ಗಂಟೆಗೆ ಮನೆ ಬಿಡಬೇಕಾಗಿ ಬಂದರೆ ಅವರನ್ನು ಎತ್ತಿಕೊಂಡು ಹೋಗುವವರು ಯಾರು? ತಾಯಿ ಒಬ್ಬಳಿಂದ ಆಗುವ ಕೆಲಸವೇ? ಪಂಚಾಯತುಗಳ ಪಾಲಿಯೇಟಿವ್ ದಾದಿಯರಿಗೆ, ಆಶಾ ಕಾರ್ಯಕರ್ತೆಯರಿಗೆ ಇಂಥ ಮನೆಗಳು ಗೊತ್ತು. ಆ ಪಟ್ಟಿಯನ್ನೂ ನೆರೆಯ ನಕ್ಷೆಯನ್ನೂ ಪಕ್ಕಪಕ್ಕ ಇಟ್ಟು, ಪ್ರತಿ ಮನೆಗೆ ಇಬ್ಬರು ಸ್ವಯಂಸೇವಕರನ್ನೂ ಒಂದು ವಾಹನವನ್ನೂ ಮೊದಲೇ ಗೊತ್ತುಮಾಡಿದರೆ ಅದುವೇ ನಿಜವಾದ ವಿಪತ್ತು ಯೋಜನೆ.

ಗಡಿಯಾಚೆಗೂ ಒಂದು ಮಾತು ಬೇಕು. ಪಯಸ್ವಿನಿ ಮಾತ್ರವಲ್ಲ, ಉಪ್ಪಳ, ಶಿರಿಯ ಹೊಳೆಗಳ ಮೇಲ್ಭಾಗವೂ ಕರ್ನಾಟಕದಲ್ಲಿದೆ. ಸುಳ್ಯದಲ್ಲಿ ನೀರು ಏರಿದ ಸುದ್ದಿ ಬೆಂಗಳೂರು, ತಿರುವನಂತಪುರ ಸುತ್ತಿ ದೇಲಂಪಾಡಿಗೆ ಬರಬೇಕೇ? ಎರಡೂ ಕಡೆಯ ಪಂಚಾಯತಿನವರು ಒಂದು ಗುಂಪಿನಲ್ಲಿದ್ದರೆ ಒಂದು ಫೋನಿನಲ್ಲಿ ಮುಗಿಯುವ ಕೆಲಸ ಅದು. ಇದಕ್ಕೆ ಗಡಿ ವಿವಾದವೂ ಅಡ್ಡಿಯಲ್ಲ, ಭಾಷೆಯೂ ಅಡ್ಡಿಯಲ್ಲ. ಎರಡೂ ಕಡೆ ಆಡುವುದು ಅದೇ ತುಳು, ಅದೇ ಕನ್ನಡ.

2025ರ ಡಿಸೆಂಬರ್ ಚುನಾವಣೆಯಲ್ಲಿ ಗೆದ್ದು ಬಂದ ಆಡಳಿತ ಸಮಿತಿಗಳ ಮುಂದೆ ಹಲವು ಮಳೆಗಾಲಗಳಿವೆ. ಪ್ರತಿ ವರ್ಷ ಮೇ ತಿಂಗಳ ಒಳಗೆ ನೆರೆಗೆಂದೇ ಒಂದು ಗ್ರಾಮಸಭೆ ಸೇರಲಿ. ಯೋಜನೆಯ ಕನ್ನಡ ಪ್ರತಿ ಅಂಗನವಾಡಿ, ರೇಷನ್ ಅಂಗಡಿ, ವಾಚನಾಲಯಗಳ ಗೋಡೆಯಲ್ಲಿ ತೂಗಲಿ. ಅದರಡಿಯಲ್ಲಿ ಜಿಲ್ಲಾ ತುರ್ತು ಕೇಂದ್ರದ 1077, ರಾಜ್ಯದ 1070 ಎಂಬ ಸಂಖ್ಯೆಗಳು ದೊಡ್ಡಕ್ಷರದಲ್ಲಿರಲಿ. ಜನರೂ ಸುಮ್ಮನೆ ಕೂರಬಾರದು. ಮತ ಕೇಳಲು ಕನ್ನಡದಲ್ಲಿ ಕರಪತ್ರ ಹಂಚಿದವರಿಗೆ ನೆರೆಯ ಎಚ್ಚರಿಕೆಯನ್ನು ಕನ್ನಡದಲ್ಲಿ ಕೊಡಲು ಏನು ಕಷ್ಟ ಎಂದು ಗ್ರಾಮಸಭೆಯಲ್ಲಿ ಎದ್ದುನಿಂತು ಕೇಳಬೇಕು.