ಕ್ಷೇಮ ಎಂದಷ್ಟೇ ಬರೆದವರು

ಯಡಿಯೂರಿನ ಪಕ್ಕದಿಂದ ದಕ್ಷಿಣಕ್ಕೆ ಹೊರಡುವ ಕನಕಪುರ ರಸ್ತೆಯಲ್ಲಿ ಕೋಣನಕುಂಟೆ ಬಂದರೆ, ವಯಸ್ಸಾದವರಿಗೆ ಇವತ್ತಿಗೂ ರಾಜೀವ್ ಗಾಂಧಿ ಹತ್ಯೆಯ ಸಂಚುಕೋರ, ಶ್ರೀಲಂಕಾದ ತಮಿಳು ಬಂಡುಕೋರ ಸಂಘಟನೆ ಎಲ್‌ಟಿಟಿಇಯ ಶಿವರಾಸನ್ ನೆನಪಾಗುತ್ತಾನೆ. 1991ರ ಆಗಸ್ಟ್‌ನಲ್ಲಿ ಪೊಲೀಸರು ಮನೆ ಸುತ್ತುವರಿದಾಗ ಅವನೂ ಸಂಗಡಿಗರೂ ಅಲ್ಲೇ ಸತ್ತರು. ಆದರೆ ಶ್ರೀಲಂಕಾದ ಆ ಅಂತರ್ಯುದ್ಧ ಅದಕ್ಕೂ ನಾಲ್ಕು ವರ್ಷ ಮೊದಲೇ ಸೈನಿಕರ ಮನೆಗಳಿಗೆ ಅಂಚೆಯಲ್ಲಿ ಬರತೊಡಗಿತ್ತು.

1987ರ ಜುಲೈ 29ರ ಭಾರತ-ಶ್ರೀಲಂಕಾ ಒಪ್ಪಂದದ ಬೆನ್ನಲ್ಲೇ ನಮ್ಮ ಪಡೆ ಜಾಫ್ನಾಕ್ಕೆ ಹೋಯಿತು, ಶಾಂತಿ ಪಾಲಿಸಲು. ಅಕ್ಟೋಬರ್‌ನಲ್ಲಿ ಎಲ್‌ಟಿಟಿಇ ಜೊತೆಗೇ ಕಾಳಗ ಶುರುವಾಯಿತು. ಕಾಲಾಳಿನ ದಿನ ಕಳೆಯುತ್ತಿದ್ದದ್ದು ನೆಲ ನೋಡುವುದರಲ್ಲಿ: ದಾರಿಯಲ್ಲಿ ನೆಲಬಾಂಬು, ಬದಿಯಲ್ಲಿ ತಾಳೆತೋಪು. ಮೇಲೆ ಹಿಂಗಾರು ಮಳೆ. ಒದ್ದೆ ಗಾಳಿಗೆ ಪತ್ರದ ಅಂಟು ಬರೆಯುವ ಮೊದಲೇ ಅಂಟಿಕೊಳ್ಳುತ್ತದೆ. ಇಷ್ಟರ ನಡುವೆ ಕೂತು ಅವನು ಬರೆಯಬೇಕಾದದ್ದು ‘ತೀರ್ಥರೂಪು ತಂದೆಯವರಿಗೆ ಶಿರಸಾಷ್ಟಾಂಗ ನಮಸ್ಕಾರಗಳು, ನಾನು ಇಲ್ಲಿ ಕ್ಷೇಮ’ ಎಂದು. ಎಲ್ಲಿದ್ದೇನೆ ಎನ್ನುವಂತಿಲ್ಲ, ನಾಳೆ ಎಲ್ಲಿಗೆ ಹೋಗುತ್ತೇನೆ ಎನ್ನುವಂತಿಲ್ಲ. ಉಳಿದದ್ದು ತಂಗಿಯ ಮದುವೆ, ಹಸು ಈಯಿತೇ, ಮನಿಯಾರ್ಡರ್ ತಲುಪಿತೇ ಎಂಬ ವಿಚಾರಣೆ.

ಸೈನಿಕನ ವಿಳಾಸವೂ ಅಂಥದ್ದೇ. ಹೆಸರು, ನಂಬರು, ಪಲ್ಟನ್ನು, ‘ಕೇರಾಫ್ 56 ಎಪಿಒ’. ಸಿಯಾಚಿನ್‌ನಲ್ಲಿದ್ದರೂ ಅದೇ. ಠಸ್ಸೆಯಲ್ಲಿ ಊರಿನ ಹೆಸರಿಲ್ಲ, ಫೀಲ್ಡ್ ಪೋಸ್ಟ್ ಆಫೀಸಿನ ನಂಬರು, ತಾರೀಖು ಅಷ್ಟೇ. ತಾಯಿಗೆ ಬೇಕಾದದ್ದು ಆ ತಾರೀಖೇ. ಬೆಳಿಗ್ಗೆ 7.35ರ ರೇಡಿಯೊ ವಾರ್ತೆಯಲ್ಲಿ ಇಷ್ಟು ಯೋಧರ ಸಾವು ಎಂದು ಕೇಳಿದ ಮೇಲೆ, ಎರಡು ವಾರದ ಹಿಂದಿನ ‘ಕ್ಷೇಮ’ವನ್ನು ಎಷ್ಟು ನಂಬುವುದು? ಮನೆಮನೆಗೆ ಫೋನಿದ್ದ ಕಾಲವಲ್ಲ.

ಬೆಂಗಳೂರಿನ ಕಡೆಯ ಹುಡುಗರಿಗೆ ಇನ್ನೊಂದು ಸಂಕಟವೂ ಇದ್ದಿರಬೇಕು. ಜಾಫ್ನಾದಲ್ಲಿ ಮನೆ ಶೋಧಿಸುವಾಗ ಬಾಗಿಲಲ್ಲಿ ನಿಂತ ಮುದುಕಿ ತಮಿಳಿನಲ್ಲಿ ಶಪಿಸಿದರೆ, ಪಂಜಾಬಿನವನಿಗೆ ಅದು ಬರೀ ಸದ್ದು. ಪಕ್ಕದ್ಮನೆ ಅಕ್ಕನ ತಮಿಳು ಮಾತು ಕೇಳಿಕೊಂಡೇ ಬೆಳೆದವನಿಗೆ ಒಂದೊಂದು ಅಕ್ಷರವೂ ತಿಳಿಯುತ್ತದೆ. ಇದನ್ನು ಅಪ್ಪನಿಗೆ ಬರೆಯುವುದು ಹೇಗೆ?

ಸುಮಾರು 1,200 ಮಂದಿ ತಿರುಗಿ ಬರಲಿಲ್ಲ. 1990ರ ಮಾರ್ಚ್‌ನಲ್ಲಿ ಕೊನೆಯ ತಂಡ ಮದ್ರಾಸಿಗೆ ಬಂದಿಳಿದಾಗ ಸ್ವಾಗತಕ್ಕೆ ಮುಖ್ಯಮಂತ್ರಿ ಕರುಣಾನಿಧಿ ಹೋಗಲಿಲ್ಲ. ತಮಿಳರ ಮೇಲೆ ಕಾದಿದ ಪಡೆ ಎಂಬ ಕಾರಣ ಅವರಿಗಿತ್ತು, ಬಂದವರಿಗೆ ಅದು ಸಮಾಧಾನವಲ್ಲ.

ಮೊದಲ ಮಹಾಯುದ್ಧದಲ್ಲಿ ಫ್ರಾನ್ಸಿಗೆ ಹೋದ ಭಾರತೀಯ ಸಿಪಾಯಿಗಳು ತಮ್ಮವರನ್ನು ಕರಿಮೆಣಸು, ಬಿಳಿಯರನ್ನು ಕೆಂಪು ಮೆಣಸು ಎಂದು ಮನೆಯ ಪತ್ರಗಳಲ್ಲಿ ಗುಟ್ಟಾಗಿ ಬರೆದದ್ದು ನಮಗೆ ಗೊತ್ತಿದೆ. ಬ್ರಿಟಿಷ್ ಸೆನ್ಸಾರಿನವರು ಓದಿ ಅನುವಾದಿಸಿಟ್ಟ ಆ ಸಾಲುಗಳು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿವೆ. ಜಾಫ್ನಾದ ಪತ್ರಗಳು ಮಾತ್ರ ಮನೆಗಳ ಟ್ರಂಕಿನಲ್ಲೇ ಇರಬೇಕು. ಯಡಿಯೂರು, ಬನಶಂಕರಿಯ ಹಳೇ ಮನೆಗಳು ಒಂದೊಂದಾಗಿ ಅಪಾರ್ಟ್‌ಮೆಂಟ್ ಆಗುತ್ತಿವೆ. ಅಟ್ಟ ಖಾಲಿ ಮಾಡುವವರು ಹಳೇಪೇಪರಿನವನ ತಕ್ಕಡಿಗೆ ಹಾಕುವ ಮೊದಲು 56 ಎಪಿಒ ಎಂದಿರುವ ಇನ್‌ಲ್ಯಾಂಡುಗಳನ್ನು ಬೇರೆ ಎತ್ತಿಡಲಿ. ಕೇಳಿಕೊಂಡು ಬರುವ ಕೆಲಸ ರಾಜ್ಯ ಪತ್ರಾಗಾರದ್ದು.