ನೊರೆ ಹೋಯಿತು, ಮಾರ್ಜಕ ಹೋಯಿತೆ?

ಅಂಕೋಲಾ ತಾಲ್ಲೂಕಿನ ಹಿಲ್ಲೂರು ಸೀಮೆಯಲ್ಲಿ ಗಂಗಾವಳಿಯ ದಡದಲ್ಲಿ ಬಟ್ಟೆ ಒಗೆದವರಿಗೆ ಈ ನೋಟ ಹೊಸದಲ್ಲ. ಕಲ್ಲಿನ ಮೇಲಿಂದ ನೀರಿಗಿಳಿದ ನೊರೆ ನಾಲ್ಕು ಮಾರು ಹೋಗುವಷ್ಟರಲ್ಲಿ ಕಾಣೆಯಾಗುತ್ತದೆ. ನೊರೆಯೇನೋ ಹೋಯಿತು, ಸರಿ. ಅದನ್ನು ಎಬ್ಬಿಸಿದ ರಾಸಾಯನಿಕ ಎಲ್ಲಿ ಹೋಯಿತು?

1950ರ ದಶಕದಲ್ಲಿ ಜರ್ಮನಿ, ಇಂಗ್ಲೆಂಡ್‌ಗಳ ನದಿಗಳಲ್ಲಿ ನೊರೆ ಹೋಗಲೇ ಇಲ್ಲ, ಗುಡ್ಡೆಗುಡ್ಡೆಯಾಗಿ ತೇಲಿತು. ಅಂದಿನ ಮಾರ್ಜಕದ ಅಣುವಿಗೆ ಕವಲೊಡೆದ ಬಾಲವಿತ್ತು. ನೇರವಾದ ಬಾಲವನ್ನು ಬ್ಯಾಕ್ಟೀರಿಯಗಳು ಕಬ್ಬಿನ ಜಲ್ಲೆಯಂತೆ ತುದಿಯಿಂದ ತಿನ್ನುತ್ತ ಬರುತ್ತವೆ. ಕವಲು ಸಿಕ್ಕಿತೆಂದರೆ ಅವುಗಳ ಕೆಲಸ ನಿಧಾನವಾಗುತ್ತದೆ. ಜರ್ಮನಿ 1961ರಲ್ಲಿ ಇದಕ್ಕಾಗಿ ಕಾನೂನು ಮಾಡಿತು. ಆ ದಶಕದಲ್ಲೇ ನೇರ ಬಾಲದ ಮಾರ್ಜಕಗಳು ಬಳಕೆಗೆ ಬಂದವು.

ಒಂದು ರಾಸಾಯನಿಕವನ್ನು ಬ್ಯಾಕ್ಟೀರಿಯಗಳು ತಿಂದವೋ ಇಲ್ಲವೋ ತಿಳಿಯುವುದು ಹೇಗೆ? ಅವು ಉಸಿರಾಡಿದ ಆಮ್ಲಜನಕವನ್ನು ಲೆಕ್ಕ ಹಾಕಬೇಕು. ಒಇಸಿಡಿ ಎಂಬ ಅಂತರರಾಷ್ಟ್ರೀಯ ಸಂಸ್ಥೆಯ ಪರೀಕ್ಷಾ ಕ್ರಮಗಳಲ್ಲಿ 'ಮುಚ್ಚಿದ ಬಾಟಲಿ'ಯ ಪರೀಕ್ಷೆ ಒಂದು. ಲವಣ ಬೆರೆಸಿದ, ಗಾಳಿ ತುಂಬಿಸಿದ ನೀರಿಗೆ ಲೀಟರಿಗೆ ಕೆಲವೇ ಮಿಲಿಗ್ರಾಂ ರಾಸಾಯನಿಕ, ಜೊತೆಗೆ ಸಂಸ್ಕರಿಸಿದ ಚರಂಡಿ ನೀರಿನ ಕೆಲವು ಹನಿ. ಬ್ಯಾಕ್ಟೀರಿಯಗಳು ಬರುವುದು ಈ ಹನಿಗಳಿಂದ. ಅವುಗಳ ಮುಂದಿಟ್ಟ ಊಟ ಆ ರಾಸಾಯನಿಕವೊಂದೇ. ಬಾಟಲಿಗಳನ್ನು 20 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಕತ್ತಲಲ್ಲಿ 28 ದಿನ ಇಟ್ಟು, ನೀರಿನಲ್ಲಿ ಕರಗಿದ ಆಮ್ಲಜನಕ ಎಷ್ಟು ಇಳಿಯಿತೆಂದು ಆಗಾಗ ಅಳೆಯುತ್ತಾರೆ. ರಾಸಾಯನಿಕವಿಲ್ಲದ ಬಾಟಲಿಗಳನ್ನೂ ಹೋಲಿಕೆಗೆಂದು ಪಕ್ಕದಲ್ಲಿಡುತ್ತಾರೆ.

ಲೆಕ್ಕವನ್ನು ಗ್ಲೂಕೋಸಿನಿಂದ ತಿಳಿಯೋಣ. 180 ಗ್ರಾಂ ಗ್ಲೂಕೋಸ್ ಪೂರ್ತಿಯಾಗಿ ನೀರು ಮತ್ತು ಇಂಗಾಲದ ಡೈಆಕ್ಸೈಡ್ ಆಗಲು 192 ಗ್ರಾಂ ಆಮ್ಲಜನಕ ಬೇಕು. ಹೀಗೆ ಲೆಕ್ಕಕ್ಕೆ ಬಂದ ಮೊತ್ತದಲ್ಲಿ ಶೇ. 60ರಷ್ಟು ಖರ್ಚಾದರೆ ವಸ್ತು ಪಾಸು. ನೂರಕ್ಕೆ ನೂರು ಏಕೆ ಬೇಡ? ತಿಂದದ್ದರಲ್ಲಿ ಒಂದು ಪಾಲು ಬ್ಯಾಕ್ಟೀರಿಯದ ಮೈಯಾಗಿಬಿಡುತ್ತದೆ. ನೊರೆ ಅಡಗಿದರೆ ಮಾತ್ರ ಸಾಲದು. ಅಣು ಒಂದೆಡೆ ಮುರಿದರೂ ನೊರೆ ಅಡಗುತ್ತದೆ, ಉಳಿದ ತುಂಡು ನೀರಿನಲ್ಲೇ ಇರಬಹುದು.

ಹಾಗಾದರೆ ಪಾಸಾದ ಮಾರ್ಜಕವನ್ನು ಎಷ್ಟು ಬೇಕಾದರೂ ಸುರಿಯಬಹುದೆ? ಬೆಂಗಳೂರಿನ ಬೆಳ್ಳಂದೂರು ಕೆರೆಯನ್ನು ನೆನೆಯಿರಿ. 2015ರಲ್ಲಿ ಅದರ ನೊರೆ ಗಾಳಿಗೆ ಹಾರಿ ರಸ್ತೆಗೆ ಬಂದಿತ್ತು. ಸಂಸ್ಕರಿಸದ ಚರಂಡಿ ನೀರು ತುಂಬಿದ ಕೆರೆಯಲ್ಲಿ ಬ್ಯಾಕ್ಟೀರಿಯಗಳಿಗೇನೂ ಬರವಿಲ್ಲ, ಬರವಿರುವುದು ಆಮ್ಲಜನಕಕ್ಕೆ. ಪ್ರಯೋಗಾಲಯದ ಬಾಟಲಿಯಲ್ಲಿ ಚಿಟಿಕೆಗೂ ಕಡಿಮೆ ರಾಸಾಯನಿಕ, ಸಾಕಷ್ಟು ಆಮ್ಲಜನಕ, 28 ದಿನದ ಬಿಡುವು ಇರುತ್ತದೆ. ಕೆರೆಗೆ ಆ ಭಾಗ್ಯವಿಲ್ಲ. ಮೇಲಾಗಿ, ಬ್ಯಾಕ್ಟೀರಿಯ ಮಾರ್ಜಕವನ್ನು ತಿನ್ನುವಾಗ ಬಳಸುವುದು ಮೀನು ಉಸಿರಾಡುವ ಆಮ್ಲಜನಕವನ್ನೇ.

ಆದ್ದರಿಂದ ಪೊಟ್ಟಣದ ಮೇಲೆ 'ಜೈವಿಕವಾಗಿ ಕೊಳೆಯುತ್ತದೆ' ಎಂದಿದ್ದರೆ ಮಕ್ಕಳು ಎರಡು ಪ್ರಶ್ನೆ ಕೇಳಬೇಕು: ಎಷ್ಟು ದಿನದಲ್ಲಿ? ಎಷ್ಟು ಪಾಲು? ಮೂರನೆಯ ಪ್ರಶ್ನೆ ಮನೆಯ ಹಿರಿಯರಿಗೆ: ಒಂದು ಚಮಚ ಸಾಕಾಗುವಲ್ಲಿ ನಾವು ಎಷ್ಟು ಹಾಕುತ್ತಿದ್ದೇವೆ?